ಎರಡು ಜಂಕ್ಷನ್, ನಾಲ್ಕು ಸ್ಥಿತಿ: ಸರ್ಕ್ಯೂಟಿನೊಳಗಿನ ಟ್ರಾನ್ಸಿಸ್ಟರನ್ನು ಓದುವುದು

(ಡಿಪ್ಲೊಮಾ ಮತ್ತು ಬಿ.ಇ. ವಿದ್ಯಾರ್ಥಿಗಳಿಗೂ ಹವ್ಯಾಸಕ್ಕಾಗಿ ಸರ್ಕ್ಯೂಟ್ ಕಟ್ಟುವವರಿಗೂ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಉಳಿಸಿಕೊಂಡಿದ್ದೇನೆ. ಬೋರ್ಡಿನ ಮೇಲೆ ಮಾಡಿದ್ದ ಲೆಕ್ಕಗಳನ್ನು ಇಲ್ಲಿ ವಾಕ್ಯಗಳಲ್ಲಿ ಬಿಡಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನೇರವಾಗಿ ಒಂದು ಸರ್ಕ್ಯೂಟಿನಿಂದಲೇ ಶುರು ಮಾಡುತ್ತೇನೆ. 12 ವೋಲ್ಟಿನ ಒಂದು ರಿಲೇ ಇದೆ, ಅದರ ಕಾಯಿಲ್ 400 ಓಮ್. ಮೈಕ್ರೋಕಂಟ್ರೋಲರಿನ 5 ವೋಲ್ಟ್ ಪಿನ್ನಿನಿಂದ ಅದನ್ನು ಆನ್ ಮಾಡಬೇಕು. ಪಿನ್ನಿಗೆ ಅಷ್ಟು ಶಕ್ತಿ ಇಲ್ಲ, ಹಾಗಾಗಿ ನಡುವೆ ಒಂದು ಬಿಸಿ 547 (BC547) ಟ್ರಾನ್ಸಿಸ್ಟರ್ ಹಾಕುತ್ತೇವೆ.

ಒಬ್ಬರು ರಿಲೇಯನ್ನು 12 ವೋಲ್ಟ್ ಸಪ್ಲೈಗೂ ಕಲೆಕ್ಟರಿಗೂ ನಡುವೆ ಇಡುತ್ತಾರೆ, ಎಮಿಟರನ್ನು ಗ್ರೌಂಡಿಗೆ ಸೇರಿಸುತ್ತಾರೆ, ಪಿನ್ನಿನಿಂದ ಬೇಸಿಗೆ 2.2 ಕಿಲೋಓಮ್ ರೆಸಿಸ್ಟರ್ ಕೊಡುತ್ತಾರೆ. ರಿಲೇ ಟಕ್ಕೆಂದು ಎಳೆದುಕೊಳ್ಳುತ್ತದೆ. ಪಕ್ಕದ ಬೆಂಚಿನಲ್ಲಿ ಇನ್ನೊಬ್ಬರು ಅವೇ ಬಿಡಿಭಾಗಗಳನ್ನು ತೆಗೆದುಕೊಂಡು, ಕಲೆಕ್ಟರನ್ನು ನೇರವಾಗಿ 12 ವೋಲ್ಟಿಗೆ ಸೇರಿಸಿ, ರಿಲೇಯನ್ನು ಎಮಿಟರಿಗೂ ಗ್ರೌಂಡಿಗೂ ನಡುವೆ ಇಡುತ್ತಾರೆ. ರಿಲೇ ಅಲುಗಾಡುವುದಿಲ್ಲ. ಟ್ರಾನ್ಸಿಸ್ಟರ್ ಅದೇ, ಸಪ್ಲೈ ಅದೇ, ಬೇಸಿಗೆ ಕೊಟ್ಟ 5 ವೋಲ್ಟ್ ಕೂಡ ಅದೇ. ಮೊದಲನೆಯದು ಸ್ಯಾಚುರೇಶನ್ನಿಗೆ, ಅಂದರೆ ಪೂರ್ತಿ ತೆರೆದ ಸ್ಥಿತಿಗೆ ಹೋಯಿತು, ಎರಡನೆಯದು ಅರೆ ತೆರೆದ ಆ್ಯಕ್ಟಿವ್ ಸ್ಥಿತಿಯಲ್ಲೇ ಉಳಿಯಿತು. ಯಾಕೆ ಎಂದು ಬಿಡಿಸಿ ಹೇಳುವುದೇ ಈ ಹೊತ್ತಿನ ನನ್ನ ಕೆಲಸ. ಟ್ರಾನ್ಸಿಸ್ಟರ್ ಯಾವ ಸ್ಥಿತಿಯಲ್ಲಿ ಇರುತ್ತದೆ ಎಂಬುದನ್ನು ಅದರ ಸುತ್ತಲಿನ ಸರ್ಕ್ಯೂಟ್ ತೀರ್ಮಾನಿಸುತ್ತದೆ. ಪರೀಕ್ಷೆಗೆಂದು ಆ್ಯಕ್ಟಿವ್, ಸ್ಯಾಚುರೇಶನ್, ಕಟ್ ಆಫ್ ಎಂದು ಬಾಯಿಪಾಠ ಮಾಡಿದವರಿಗೆ ಇದೊಂದು ಮಾತ್ರ ಕೈಗೆ ಸಿಗದೆ ಉಳಿದಿರುತ್ತದೆ.

ಎನ್‌ಪಿಎನ್ ಟ್ರಾನ್ಸಿಸ್ಟರಿನ (ಎನ್, ಪಿ, ಎನ್ ಬಗೆಯ ಮೂರು ಪದರಗಳದ್ದು, ನಮ್ಮ ಬಿಸಿ 547 ಇದೇ ಬಗೆ) ಒಳಗೆ ಪದರಗಳು ಕೂಡುವ ಎರಡು ಜಂಕ್ಷನ್‌ಗಳಿವೆ, ಬೇಸ್-ಎಮಿಟರ್ ಮತ್ತು ಬೇಸ್-ಕಲೆಕ್ಟರ್. ಪ್ರತಿಯೊಂದೂ ಫಾರ್ವರ್ಡ್ ಆಗಿರಬಹುದು (ಬೇಸಿನ ವೋಲ್ಟೇಜ್ ಆಚೆ ಬದಿಗಿಂತ ಮೇಲೆ, ಕರೆಂಟಿಗೆ ದಾರಿ ತೆರೆದಿದೆ), ಇಲ್ಲವೇ ರಿವರ್ಸ್ ಆಗಿರಬಹುದು (ಬೇಸ್ ಕೆಳಗೆ, ದಾರಿ ಮುಚ್ಚಿದೆ). ಎರಡೂ ರಿವರ್ಸ್ ಆದರೆ ಕಟ್ ಆಫ್. ಎಮಿಟರ್ ಕಡೆಯದು ಫಾರ್ವರ್ಡ್, ಕಲೆಕ್ಟರ್ ಕಡೆಯದು ರಿವರ್ಸ್ ಆದರೆ ಆ್ಯಕ್ಟಿವ್. ಎರಡೂ ಫಾರ್ವರ್ಡ್ ಆದರೆ ಸ್ಯಾಚುರೇಶನ್. ಎಮಿಟರ್ ಕಡೆಯದು ರಿವರ್ಸ್, ಕಲೆಕ್ಟರ್ ಕಡೆಯದು ಫಾರ್ವರ್ಡ್ ಆದರೆ ರಿವರ್ಸ್ ಆ್ಯಕ್ಟಿವ್. ಪಟ್ಟಿ ಇಷ್ಟೇ. ಇದನ್ನು ಕಂಠಪಾಠ ಮಾಡಬೇಕಾಗಿಲ್ಲ, ಎರಡು ಜಂಕ್ಷನ್ ನೆನಪಿದ್ದರೆ ಇದು ತಾನಾಗಿಯೇ ಬರುತ್ತದೆ.

ಈ ಹಂತದಲ್ಲಿ ಸಭೆಯಿಂದ ಒಂದು ಪ್ರಶ್ನೆ ಬಂತು. ಹಾಗಿದ್ದರೆ ಎರಡು ಡಯೋಡುಗಳನ್ನು ಬೆನ್ನಿಗೆ ಬೆನ್ನು ಕೂಡಿಸಿ ಬೆಸುಗೆ ಹಾಕಿದರೆ ಟ್ರಾನ್ಸಿಸ್ಟರ್ ಸಿಗುತ್ತದೆಯೇ ಎಂದು. ಸಿಗುವುದಿಲ್ಲ, ಮತ್ತು ಯಾಕೆ ಸಿಗುವುದಿಲ್ಲ ಎಂಬುದರಲ್ಲೇ ಟ್ರಾನ್ಸಿಸ್ಟರಿನ ಜೀವ ಇದೆ. ಎಮಿಟರಿನಲ್ಲಿ ಡೋಪಿಂಗ್, ಅಂದರೆ ಹರಳಿಗೆ ಬೇಕೆಂದೇ ಬೆರೆಸಿದ ಬೇರೆ ಧಾತು, ತುಂಬಾ ಹೆಚ್ಚು. ಬೇಸಿನಲ್ಲಿ ಅದಕ್ಕಿಂತ ಬಹಳ ಕಡಿಮೆ, ಜೊತೆಗೆ ಬೇಸ್ ಅತಿ ತೆಳು, ಒಂದು ಮೈಕ್ರೋಮೀಟರಿನ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಬೇಸ್-ಎಮಿಟರ್ ಜಂಕ್ಷನ್ ಫಾರ್ವರ್ಡ್ ಆದಾಗ ಎಮಿಟರಿನ ಇಲೆಕ್ಟ್ರಾನುಗಳು ಬೇಸಿನೊಳಕ್ಕೆ ನುಗ್ಗುತ್ತವೆ. ದಪ್ಪನೆಯ ಬೇಸ್ ಆಗಿದ್ದರೆ ಅಲ್ಲಿನ ಹೋಲುಗಳ (ಇಲೆಕ್ಟ್ರಾನ್ ಇಲ್ಲದ ಖಾಲಿ ಜಾಗಗಳ) ಜೊತೆ ಸೇರಿ ಅಲ್ಲೇ ಮುಗಿದುಹೋಗುತ್ತಿದ್ದವು. ಎರಡು ಬಿಡಿ ಡಯೋಡುಗಳಲ್ಲಿ ಆಗುವುದು ಅದೇ, ನಡುವೆ ಲೋಹದ ತಂತಿಯೇ ಇರುತ್ತದಲ್ಲ. ತೆಳು ಬೇಸಿನಲ್ಲಿ ಮಾತ್ರ ಹೆಚ್ಚಿನ ಇಲೆಕ್ಟ್ರಾನುಗಳು ಸಾಯುವ ಮೊದಲೇ ಆಚೆ ದಡ ಮುಟ್ಟುತ್ತವೆ. ಅಲ್ಲಿ ರಿವರ್ಸ್ ಆಗಿರುವ ಕಲೆಕ್ಟರ್ ಜಂಕ್ಷನ್ನಿನ ವಿದ್ಯುತ್ ಕ್ಷೇತ್ರ ಅವನ್ನು ಕಲೆಕ್ಟರಿನೊಳಕ್ಕೆ ಸೆಳೆದುಕೊಳ್ಳುತ್ತದೆ.

ಇದನ್ನು ಮೊದಲು ಸ್ಪಷ್ಟವಾಗಿ ಕಂಡವರು ವಿಲಿಯಂ ಶಾಕ್ಲಿ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ 1947ರ ಡಿಸೆಂಬರಿನಲ್ಲಿ ಜಾನ್ ಬಾರ್ಡೀನ್ ಮತ್ತು ವಾಲ್ಟರ್ ಬ್ರಾಟೇನ್ ಕಟ್ಟಿದ ಮೊದಲ ಟ್ರಾನ್ಸಿಸ್ಟರ್ ಬೇರೆ ಬಗೆಯದು, ಜರ್ಮೇನಿಯಮ್ ತುಣುಕಿನ ಮೇಲೆ ಚಿನ್ನದ ಎರಡು ಸಂಪರ್ಕಗಳನ್ನು ಒತ್ತಿ ಹಿಡಿದದ್ದು. ಕೆಲವೇ ವಾರಗಳಲ್ಲಿ, 1948ರ ಜನವರಿಯಲ್ಲಿ, ಶಾಕ್ಲಿ ಈ ಮೂರು ಪದರಗಳ ಜಂಕ್ಷನ್ ಟ್ರಾನ್ಸಿಸ್ಟರನ್ನು ಕಾಗದದ ಮೇಲೆ ರೂಪಿಸಿದರು. ಅದು ನಿಜವಾಗಿ ಕೈಗೆ ಬರಲು ಗಾರ್ಡನ್ ಟೀಲ್ ಮತ್ತು ಮಾರ್ಗನ್ ಸ್ಪಾರ್ಕ್ಸ್ ಅವರ ಹರಳು ಬೆಳೆಸುವ ಕೆಲಸ ಬೇಕಾಯಿತು. ನಾವು ಇಂದು ಪಾಠ ಮಾಡುವುದು ಆ ಜಂಕ್ಷನ್ ಟ್ರಾನ್ಸಿಸ್ಟರಿನ ಮಕ್ಕಳನ್ನು.

ಈಗ 0.7 ವೋಲ್ಟಿನ ವಿಷಯ. ಬೇಸಿಗೆ 0.7 ವೋಲ್ಟ್ ಬಂದರೆ ಆನ್, ಕಡಿಮೆಯಾದರೆ ಆಫ್ ಎಂದು ಬಹಳ ಜನ ನಂಬಿದ್ದಾರೆ. ಅಲ್ಲಿ ಅಂಥ ಗೆರೆ ಯಾವುದೂ ಇಲ್ಲ. ಕೋಣೆಯ ಉಷ್ಣತೆಯಲ್ಲಿ ಬೇಸ್-ಎಮಿಟರ್ ವೋಲ್ಟೇಜ್ 60 ಮಿಲಿವೋಲ್ಟ್ ಏರಿದಾಗಲೆಲ್ಲ ಕಲೆಕ್ಟರ್ ಕರೆಂಟ್ ಸುಮಾರು ಹತ್ತು ಪಟ್ಟಾಗುತ್ತದೆ. 0.65 ವೋಲ್ಟಿನಲ್ಲಿ 1 ಮಿಲಿಆಂಪ್ ಹರಿಯುತ್ತಿದ್ದರೆ, 0.59ರಲ್ಲಿ 100 ಮೈಕ್ರೋಆಂಪ್, 0.53ರಲ್ಲಿ 10 ಮೈಕ್ರೋಆಂಪ್. ಕರೆಂಟ್ ಹೀಗೆ ಇಳಿಯುತ್ತಲೇ ಹೋಗುತ್ತದೆ, ಎಲ್ಲಿಯೂ ಥಟ್ಟನೆ ನಿಲ್ಲುವುದಿಲ್ಲ. ನಮ್ಮ ಕೆಲಸಕ್ಕೆ ಲೆಕ್ಕಕ್ಕೇ ಬಾರದಷ್ಟು ಕಡಿಮೆಯಾದಾಗ ಅದನ್ನು ಕಟ್ ಆಫ್ ಎನ್ನುತ್ತೇವೆ. ಇನ್ನೊಂದು ಮಾತು: ಅದೇ ಕರೆಂಟಿಗೆ ಬೇಕಾಗುವ ವೋಲ್ಟೇಜ್ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಆದ್ದರಿಂದಲೇ ಬೇಸಿಗೆ ಒಂದು ಸ್ಥಿರ ವೋಲ್ಟೇಜನ್ನು ನೇರವಾಗಿ ಕೊಟ್ಟು ಆ್ಯಂಪ್ಲಿಫಯರ್ ಕಟ್ಟಲು ಹೋಗಬಾರದು. ಬೆಳಿಗ್ಗೆ ಸರಿಯಿದ್ದದ್ದು ಮಧ್ಯಾಹ್ನಕ್ಕೆ ಬೇರೆಯೇ ಆಗಿರುತ್ತದೆ.

ಕಟ್ ಆಫ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಆದರೆ ಸೋರಿಕೆಯನ್ನು ಮರೆಯಬಾರದು. ಎರಡೂ ಜಂಕ್ಷನ್ ರಿವರ್ಸ್ ಆಗಿದ್ದರೂ ಚೂರು ಕರೆಂಟ್ ಸೋರುತ್ತದೆ. ಬಿಸಿ 547ರಂಥ ಸಿಲಿಕಾನ್ ಟ್ರಾನ್ಸಿಸ್ಟರಿನಲ್ಲಿ ಅದು ನ್ಯಾನೋಆಂಪ್‌ಗಳಲ್ಲಿ. ಜರ್ಮೇನಿಯಮ್ಮಿನಲ್ಲಿ ಮೈಕ್ರೋಆಂಪ್‌ಗಳಲ್ಲಿ, ಅದೂ ಬಿಸಿಯಾದಂತೆ ಬೇಗ ಬೇಗ ಹೆಚ್ಚುತ್ತಿತ್ತು. ನಮ್ಮ ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) 1960ರ ದಶಕದಲ್ಲಿ ತಯಾರಿಸುತ್ತಿದ್ದ ಜರ್ಮೇನಿಯಮ್ ಟ್ರಾನ್ಸಿಸ್ಟರುಗಳ ಕಾಲದಲ್ಲಿ ಸರ್ಕ್ಯೂಟ್ ವಿನ್ಯಾಸ ಮಾಡುವವರಿಗೆ ಇದು ನಿತ್ಯದ ಚಿಂತೆ. ಬೇಸನ್ನು ಎಲ್ಲಿಗೂ ಸೇರಿಸದೆ ತೇಲಲು ಬಿಟ್ಟರೆ ಈ ಸೋರಿಕೆಯೇ ಬೇಸ್ ಕರೆಂಟಾಗಿ, ಬೀಟಾದಷ್ಟು (ಬೇಸ್ ಕರೆಂಟಿನ ಎಷ್ಟು ಪಟ್ಟು ಕಲೆಕ್ಟರ್ ಕರೆಂಟ್ ಎನ್ನುವ ಅಂಕಿಯೇ ಬೀಟಾ) ಪಟ್ಟು ಹೆಚ್ಚಿ ಕಲೆಕ್ಟರಿನಲ್ಲಿ ಕಾಣಿಸಿಕೊಳ್ಳುತ್ತದೆ. ಸಿಲಿಕಾನಿನಲ್ಲೂ ಬೇಸನ್ನು ತೇಲಲು ಬಿಡಬೇಡಿ. ಮೈಕ್ರೋಕಂಟ್ರೋಲರ್ ರೀಸೆಟ್ ಆಗುವ ಹೊತ್ತಿನಲ್ಲಿ ಅದರ ಪಿನ್ ಯಾವ ಕಡೆಗೂ ಎಳೆಯದೆ ಸುಮ್ಮನಿರುತ್ತದೆ. ಬೇಸಿನಿಂದ ಗ್ರೌಂಡಿಗೆ 10 ಕಿಲೋಓಮ್ ಒಂದನ್ನು ಹಾಕಿದರೆ ಆ ಕ್ಷಣದಲ್ಲೂ ಟ್ರಾನ್ಸಿಸ್ಟರ್ ಆಫ್ ಆಗಿಯೇ ಇರುತ್ತದೆ.

ಇನ್ನು ಆ್ಯಕ್ಟಿವ್ ಮತ್ತು ಸ್ಯಾಚುರೇಶನ್. ಸಪ್ಲೈ 10 ವೋಲ್ಟ್, ಕಲೆಕ್ಟರಿಗೆ 1 ಕಿಲೋಓಮ್, ಬೀಟಾ 200 ಎಂದಿಟ್ಟುಕೊಳ್ಳಿ. ಬೇಸಿಗೆ 10 ಮೈಕ್ರೋಆಂಪ್ ಕೊಟ್ಟರೆ ಕಲೆಕ್ಟರಿನಲ್ಲಿ 2 ಮಿಲಿಆಂಪ್. ರೆಸಿಸ್ಟರಿನಲ್ಲಿ 2 ವೋಲ್ಟ್ ಕಳೆದು ಕಲೆಕ್ಟರ್ 8 ವೋಲ್ಟಿನಲ್ಲಿ ನಿಲ್ಲುತ್ತದೆ. 20 ಮೈಕ್ರೋಆಂಪ್ ಕೊಟ್ಟರೆ ಕಲೆಕ್ಟರ್ 6 ವೋಲ್ಟ್, 40 ಕೊಟ್ಟರೆ 2 ವೋಲ್ಟ್. ಇಲ್ಲಿಯವರೆಗೂ ಬೇಸ್ ಹೇಳಿದಂತೆ ಕಲೆಕ್ಟರ್ ಕೇಳುತ್ತದೆ, ಇದು ಆ್ಯಕ್ಟಿವ್. ಈಗ 100 ಮೈಕ್ರೋಆಂಪ್ ಕೊಡಿ. ಬೀಟಾದ ಲೆಕ್ಕದಲ್ಲಿ 20 ಮಿಲಿಆಂಪ್ ಹರಿಯಬೇಕು. ಆದರೆ 10 ವೋಲ್ಟಿನ ಸಪ್ಲೈ 1 ಕಿಲೋಓಮ್ ಮೂಲಕ 10 ಮಿಲಿಆಂಪಿಗಿಂತ ಹೆಚ್ಚು ಕೊಡುವುದು ಸಾಧ್ಯವೇ ಇಲ್ಲ. ಹಾಗಾಗಿ ಕರೆಂಟ್ 10ಕ್ಕಿಂತ ತುಸು ಕೆಳಗೆ ನಿಂತುಬಿಡುತ್ತದೆ, ಕಲೆಕ್ಟರ್ 0.1 ಅಥವಾ 0.2 ವೋಲ್ಟಿಗೆ ಕುಸಿಯುತ್ತದೆ. ಬೇಸ್ 0.7ರಲ್ಲಿ, ಕಲೆಕ್ಟರ್ 0.1ರಲ್ಲಿ. ಕಲೆಕ್ಟರಿಗಿಂತ ಬೇಸ್ ಮೇಲಿದೆ, ಅಂದರೆ ಎರಡನೆಯ ಜಂಕ್ಷನ್ನೂ ಫಾರ್ವರ್ಡ್ ಆಗಿಬಿಟ್ಟಿತು. ಮನೆಯ ಮೇಲಿನ ಟ್ಯಾಂಕಿನಿಂದ ಸಣ್ಣ ಪೈಪಿನಲ್ಲಿ ನೀರು ಬರುವಾಗ ನಲ್ಲಿಯನ್ನು ಒಂದು ಮಟ್ಟಕ್ಕಿಂತ ಹೆಚ್ಚು ತಿರುಗಿಸಿದರೆ ಧಾರೆ ದೊಡ್ಡದಾಗುವುದಿಲ್ಲ, ತಡೆ ಇರುವುದು ಪೈಪಿನಲ್ಲಿ. ಇಲ್ಲಿಯೂ ತಡೆ ಇರುವುದು ಕಲೆಕ್ಟರಿಗೆ ಹಾಕಿದ ರೆಸಿಸ್ಟರಿನಲ್ಲಿ.

ಇದರಿಂದ ಒಂದು ಮುಖ್ಯ ವಿಷಯ ಹೊರಡುತ್ತದೆ. ಬೇಸಿಗೆ ಎಷ್ಟು ಕರೆಂಟ್ ಕೊಟ್ಟರೆ ಸ್ಯಾಚುರೇಶನ್ ಎಂದು ಟ್ರಾನ್ಸಿಸ್ಟರೊಂದನ್ನೇ ನೋಡಿ ಯಾರೂ ಹೇಳಲಾರರು. 1 ಕಿಲೋಓಮ್ ತೆಗೆದು 100 ಓಮ್ ಹಾಕಿ. ಅದೇ 100 ಮೈಕ್ರೋಆಂಪಿಗೆ ಈಗ 20 ಮಿಲಿಆಂಪ್ ಹರಿದು, 2 ವೋಲ್ಟ್ ಕಳೆದು, ಕಲೆಕ್ಟರ್ 8 ವೋಲ್ಟಿನಲ್ಲಿ ಆರಾಮಾಗಿ ಆ್ಯಕ್ಟಿವ್ ಆಗಿದೆ.

ಬೀಟಾವನ್ನು ನಂಬಿ ಕೂರಬೇಡಿ ಎನ್ನುವುದಕ್ಕೂ ಇದೇ ಸರ್ಕ್ಯೂಟ್ ಸಾಕ್ಷಿ. ಬಿಸಿ 547ರ ಡೇಟಾಶೀಟ್ ತೆರೆದರೆ ಬೀಟಾ 110ರಿಂದ 800ರವರೆಗೆ ಎಂದಿರುತ್ತದೆ. ಅದರಲ್ಲೇ ಎ, ಬಿ, ಸಿ ಎಂಬ ಗುಂಪುಗಳು. ಬಿ ಗುಂಪು ಮಾತ್ರ ಎಂದರೂ 200ರಿಂದ 450. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಒಂದೇ ಪಟ್ಟಿಯಿಂದ ಕತ್ತರಿಸಿ ಕೊಟ್ಟ ಎರಡು ಟ್ರಾನ್ಸಿಸ್ಟರುಗಳ ಬೀಟಾ ಒಂದೇ ಇರಬೇಕೆಂದಿಲ್ಲ. 20 ಮೈಕ್ರೋಆಂಪ್ ಕೊಟ್ಟು 6 ವೋಲ್ಟಿಗೆ ಕೂರಿಸಿದ್ದ ನಮ್ಮ ಸರ್ಕ್ಯೂಟಿಗೆ ಬೀಟಾ 450 ಇರುವ ಟ್ರಾನ್ಸಿಸ್ಟರ್ ಹಾಕಿದರೆ ಕಲೆಕ್ಟರ್ 1 ವೋಲ್ಟಿಗೆ ಇಳಿಯುತ್ತದೆ, 600 ಇದ್ದರೆ ನೇರ ಸ್ಯಾಚುರೇಶನ್. ಬೇಸಿಗೆ ಒಂದೇ ರೆಸಿಸ್ಟರ್ ಹಾಕುವ ಬಯಾಸ್ (ಟ್ರಾನ್ಸಿಸ್ಟರನ್ನು ಬೇಕಾದ ಸ್ಥಿತಿಯಲ್ಲಿ ಕೂರಿಸುವ ಏರ್ಪಾಡು) ಪುಸ್ತಕದಲ್ಲಿ ಮೊದಲು ಬರುತ್ತದೆ ಎಂಬ ಕಾರಣಕ್ಕೆ ಅದನ್ನು ಬಳಸುವುದನ್ನು ನಾನು ಒಪ್ಪುವುದಿಲ್ಲ. ಸಪ್ಲೈಯನ್ನು ಪಾಲು ಮಾಡಿ ಬೇಸಿಗೆ ಕೊಡುವ ಎರಡು ರೆಸಿಸ್ಟರುಗಳ ಡಿವೈಡರ್ ಮತ್ತು ಎಮಿಟರಿನಲ್ಲಿ ಒಂದು ರೆಸಿಸ್ಟರ್ ಹಾಕಿದರೆ ಕರೆಂಟನ್ನು ತೀರ್ಮಾನಿಸುವುದು ನೀವು ಆರಿಸಿದ ರೆಸಿಸ್ಟರುಗಳು. ಬೀಟಾ 200 ಇರಲಿ, 500 ಇರಲಿ, ಕಲೆಕ್ಟರ್ ವೋಲ್ಟೇಜ್ ಸ್ವಲ್ಪವೇ ಸರಿಯುತ್ತದೆ. ಲ್ಯಾಬಿನಲ್ಲಿ ಎಸ್‌ಎಲ್ 100 ಹಾಕಿ ಆರ್‌ಸಿ ಕಪಲ್ಡ್ ಆ್ಯಂಪ್ಲಿಫಯರ್ ಮಾಡುವಾಗ ನಾಲ್ಕು ರೆಸಿಸ್ಟರ್ ಯಾಕೆ ಎಂದು ಕೇಳುತ್ತೀರಲ್ಲ, ಉತ್ತರ ಇದೇ. ಸಿಗ್ನಲ್ ಮೇಲೆ ಹೋಗಿ ಕಟ್ ಆಫ್‌ಗೆ ಬಡಿಯದಂತೆ, ಕೆಳಗೆ ಬಂದು ಸ್ಯಾಚುರೇಶನ್ನಿಗೆ ಬಡಿಯದಂತೆ, ನಡುವಿನ ಜಾಗದಲ್ಲಿ ಅದನ್ನು ಹಿಡಿದಿಡಬೇಕು. ಬಡಿದಾಗ ಆಸಿಲೋಸ್ಕೋಪಿನಲ್ಲಿ ಅಲೆಯ ತಲೆ ಚಪ್ಪಟೆಯಾಗಿರುತ್ತದೆ.

ಆ್ಯಕ್ಟಿವ್ ಸ್ಥಿತಿಯಲ್ಲಿ ಕಲೆಕ್ಟರ್ ವೋಲ್ಟೇಜ್ ಏರಿಸಿದರೂ ಕರೆಂಟ್ ಬದಲಾಗದು ಎನ್ನುವುದು ಪೂರ್ತಿ ನಿಜವಲ್ಲ. ಕಲೆಕ್ಟರ್ ಜಂಕ್ಷನ್ನಿನ ರಿವರ್ಸ್ ವೋಲ್ಟೇಜ್ ಹೆಚ್ಚಿದಂತೆ ಆ ಜಂಕ್ಷನ್ ಅಗಲವಾಗಿ ಬೇಸಿನೊಳಕ್ಕೆ ಚಾಚುತ್ತದೆ, ಬೇಸ್ ಇನ್ನಷ್ಟು ತೆಳುವಾಗುತ್ತದೆ, ಕರೆಂಟ್ ಮೆಲ್ಲಗೆ ಏರುತ್ತದೆ. 1952ರಲ್ಲಿ ಜೇಮ್ಸ್ ಅರ್ಲಿ ಇದನ್ನು ವಿವರಿಸಿದ್ದರಿಂದ ಇದಕ್ಕೆ ಅರ್ಲಿ ಎಫೆಕ್ಟ್ ಎಂದೇ ಹೆಸರು.

ಈಗ ರಿಲೇಗೆ ಬರೋಣ. ಕಲೆಕ್ಟರಿನಲ್ಲಿ ರಿಲೇ ಇದ್ದಾಗ ಸಪ್ಲೈ ಕೊಡಬಲ್ಲ ಗರಿಷ್ಠ ಕರೆಂಟ್ 12 ಭಾಗಿಸು 400, ಅಂದರೆ 30 ಮಿಲಿಆಂಪ್. ಬೇಸ್ ರೆಸಿಸ್ಟರಿನ ಮೇಲೆ 4.3 ವೋಲ್ಟ್ ಇದೆ, 2.2 ಕಿಲೋಓಮ್ ಮೂಲಕ ಸುಮಾರು 2 ಮಿಲಿಆಂಪ್ ಬೇಸಿಗೆ ಹೋಗುತ್ತದೆ. ಅತಿ ಕಡಿಮೆ ಬೀಟಾ 110 ಎಂದುಕೊಂಡರೂ 0.3 ಮಿಲಿಆಂಪ್ ಸಾಕಿತ್ತು. ನಾವು ಬೇಕೆಂದೇ ಏಳು ಪಟ್ಟು ಕೊಟ್ಟಿದ್ದೇವೆ. ಸ್ಯಾಚುರೇಶನ್ ಹತ್ತಿರವಾದಂತೆ ಬೀಟಾ ಕುಸಿಯುವುದರಿಂದ, ಸ್ವಿಚ್ಚಾಗಿ ಬಳಸುವಾಗ ಕಲೆಕ್ಟರ್ ಕರೆಂಟಿನ ಹತ್ತನೇ ಒಂದು ಅಥವಾ ಇಪ್ಪತ್ತನೇ ಒಂದು ಭಾಗವನ್ನು ಬೇಸಿಗೆ ಕೊಡುವುದು ರೂಢಿ. ಟ್ರಾನ್ಸಿಸ್ಟರಿನ ಮೇಲೆ 0.15 ವೋಲ್ಟ್ ಉಳಿಯಿತು ಎಂದುಕೊಂಡರೆ ಅದರಲ್ಲಿ ಬಿಸಿಯಾಗುವುದು ಬರೀ 5 ಮಿಲಿವ್ಯಾಟಿನಷ್ಟು. ರಿಲೇಗೆ ಅಡ್ಡಲಾಗಿ ಡಯೋಡ್ ಹಾಕುವುದನ್ನು ಮಾತ್ರ ಮರೆಯಬೇಡಿ. ಇಲ್ಲದಿದ್ದರೆ ಆಫ್ ಮಾಡಿದಾಗ ಕಾಯಿಲ್ ಎಬ್ಬಿಸುವ ವೋಲ್ಟೇಜಿಗೆ ಟ್ರಾನ್ಸಿಸ್ಟರ್ ಬಲಿಯಾಗುತ್ತದೆ.

ಎಮಿಟರಿನಲ್ಲಿ ರಿಲೇ ಇಟ್ಟಾಗ ಕಥೆ ಬೇರೆ. ರಿಲೇಯಲ್ಲಿ ಕರೆಂಟ್ ಹರಿದಂತೆ ಎಮಿಟರಿನ ವೋಲ್ಟೇಜ್ ಮೇಲೇರುತ್ತದೆ. ಆದರೆ ಅದು ಯಾವಾಗಲೂ ಬೇಸಿಗಿಂತ 0.7ರಷ್ಟು ಕೆಳಗೇ ಇರಬೇಕು, ಇಲ್ಲದಿದ್ದರೆ ಎಮಿಟರ್ ಜಂಕ್ಷನ್ ಫಾರ್ವರ್ಡ್ ಆಗಿ ಉಳಿಯುವುದಿಲ್ಲ. ಬೇಸ್ 5 ವೋಲ್ಟಿಗಿಂತ ಮೇಲೆ ಹೋಗಲಾರದು, ಹಾಗಾಗಿ ರಿಲೇಗೆ ಸಿಗುವುದು ಸುಮಾರು 4.2 ವೋಲ್ಟ್. 12 ವೋಲ್ಟಿನ ರಿಲೇ ಎಳೆದುಕೊಳ್ಳಲು ಸಾಮಾನ್ಯವಾಗಿ 9 ವೋಲ್ಟಿನ ಆಸುಪಾಸು ಬೇಕು. ಉಳಿದ 7.8 ವೋಲ್ಟ್ ಟ್ರಾನ್ಸಿಸ್ಟರಿನ ಮೇಲೆಯೇ ಕುಳಿತಿದೆ, ಸುಮಾರು 80 ಮಿಲಿವ್ಯಾಟ್ ಅದರೊಳಗೆ ಬಿಸಿಯಾಗುತ್ತಿದೆ. ಕಲೆಕ್ಟರ್ 12ರಲ್ಲಿ, ಬೇಸ್ 5ರ ಹತ್ತಿರ, ಆ ಜಂಕ್ಷನ್ 7 ವೋಲ್ಟ್ ರಿವರ್ಸ್. ಬೇಸಿನ ವೋಲ್ಟೇಜ್ ಕಲೆಕ್ಟರಿಗಿಂತ ಮೇಲೇರದ ಹೊರತು ಇಲ್ಲಿ ಸ್ಯಾಚುರೇಶನ್ ಎಂಬುದೇ ಇಲ್ಲ. ಬೇಸ್ ರೆಸಿಸ್ಟರನ್ನು ಎಷ್ಟು ಕಡಿಮೆ ಮಾಡಿದರೂ ಪ್ರಯೋಜನವಿಲ್ಲ.

ಸ್ಯಾಚುರೇಶನ್ ಇಷ್ಟು ಒಳ್ಳೆಯದಾದರೆ ಬೇಸಿಗೆ ಇನ್ನೂ ಹೆಚ್ಚು ಕೊಡೋಣವೇ? ರಿಲೇಗೆ ಕೊಡಬಹುದು. ವೇಗ ಬೇಕಾದ ಕಡೆ ಕೊಡಬಾರದು. ಎರಡೂ ಜಂಕ್ಷನ್ ಫಾರ್ವರ್ಡ್ ಆದಾಗ ಎರಡೂ ಕಡೆಯಿಂದ ಇಲೆಕ್ಟ್ರಾನುಗಳು ಬೇಸಿಗೆ ಬಂದು ತುಂಬುತ್ತವೆ. ಆಫ್ ಮಾಡಿದಾಗ ಆ ಚಾರ್ಜ್ ಖಾಲಿಯಾಗುವವರೆಗೂ ಕಲೆಕ್ಟರ್ ಕರೆಂಟ್ ಹರಿಯುತ್ತಲೇ ಇರುತ್ತದೆ. 2ಎನ್ 3904 ಎಂಬ ಇನ್ನೊಂದು ಟ್ರಾನ್ಸಿಸ್ಟರಿನ ಡೇಟಾಶೀಟಿನಲ್ಲಿ 10 ಮಿಲಿಆಂಪ್ ಕಲೆಕ್ಟರ್ ಕರೆಂಟಿಗೆ, 1 ಮಿಲಿಆಂಪ್ ಬೇಸ್ ಕರೆಂಟಿಗೆ ಕೊಟ್ಟಿರುವ ಗರಿಷ್ಠ ಕಾಲಗಳನ್ನು ನೋಡಿ: ಆರಂಭದ ವಿಳಂಬ 35 ನ್ಯಾನೋಸೆಕೆಂಡ್, ಏರಿಕೆ 35, ಇಳಿಕೆ 50, ಸ್ಟೋರೇಜ್ ಟೈಮ್ (ತುಂಬಿದ ಆ ಚಾರ್ಜ್ ಖಾಲಿಯಾಗಲು ಕಾಯುವ ಕಾಲ) 200. ಮಿಕ್ಕ ಮೂರನ್ನೂ ಕೂಡಿಸಿದರೂ ಸ್ಟೋರೇಜ್ ಟೈಮಿಗೆ ಸಾಟಿಯಿಲ್ಲ.

ಕಂಪ್ಯೂಟರ್ ಕಟ್ಟುವವರು ಈ ಕಾಯುವಿಕೆಯ ವಿರುದ್ಧ ದಶಕಗಳ ಕಾಲ ಸೆಣಸಿದರು, ನನಗೆ ಈ ಚರಿತ್ರೆ ತುಂಬಾ ಇಷ್ಟ. ಐಬಿಎಂನ ಹ್ಯಾನನ್ ಯೂರ್ಕ್ 1956ರಲ್ಲಿ, ಟ್ರಾನ್ಸಿಸ್ಟರುಗಳು ಸ್ಯಾಚುರೇಶನ್ನಿಗೆ ಹೋಗದಂತೆ ಕರೆಂಟನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳಿಸುವ ಸರ್ಕ್ಯೂಟ್ ರೂಪಿಸಿದರು. ಇಸಿಎಲ್ (ಎಮಿಟರ್ ಕಪಲ್ಡ್ ಲಾಜಿಕ್) ಎಂಬ ಲಾಜಿಕ್ ಕುಟುಂಬ ಅಲ್ಲಿಂದ ಬೆಳೆಯಿತು. 1976ರ ಕ್ರೇ-1 ಸೂಪರ್ ಕಂಪ್ಯೂಟರ್ ಇಸಿಎಲ್ ಚಿಪ್ಪುಗಳಿಂದಲೇ ಆದದ್ದು, ವಿದ್ಯುತ್ತನ್ನು ಕುಡಿದು ಬಿಸಿ ಕಾರುವುದು ಆ ವೇಗಕ್ಕೆ ತೆತ್ತ ಬೆಲೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಜೇಮ್ಸ್ ಬಿಯಾರ್ಡ್ ಹಿಡಿದದ್ದು ಇನ್ನೊಂದು ದಾರಿ. ಬೇಸಿನಿಂದ ಕಲೆಕ್ಟರಿಗೆ ಒಂದು ಶಾಟ್ಕಿ ಡಯೋಡ್. ಅದು ಕಡಿಮೆ ವೋಲ್ಟೇಜಿನಲ್ಲೇ ತೆರೆದುಕೊಳ್ಳುವುದರಿಂದ ಹೆಚ್ಚಾದ ಬೇಸ್ ಕರೆಂಟ್ ಅತ್ತ ಹರಿದುಹೋಗುತ್ತದೆ, ಕಲೆಕ್ಟರ್ ಜಂಕ್ಷನ್ ಪೂರ್ತಿ ಫಾರ್ವರ್ಡ್ ಆಗುವುದೇ ಇಲ್ಲ. ಸಾಮಾನ್ಯ 7400 ಗೇಟಿನ ವಿಳಂಬ ಸುಮಾರು 10 ನ್ಯಾನೋಸೆಕೆಂಡ್, ಶಾಟ್ಕಿಯ 74ಎಸ್‌ನಲ್ಲಿ ಸುಮಾರು 3. ಮುಂದೆ ಬಂದ 74ಎಲ್‌ಎಸ್ ಹಳೆಯ ವೇಗವನ್ನೇ ಉಳಿಸಿಕೊಂಡು, ಪ್ರತಿ ಗೇಟಿಗೆ 10 ಮಿಲಿವ್ಯಾಟ್ ಇದ್ದ ಖರ್ಚನ್ನು 2 ಮಿಲಿವ್ಯಾಟಿಗೆ ಇಳಿಸಿತು.

ನಾಲ್ಕನೆಯ ಸ್ಥಿತಿ ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ, ಬೆಂಚಿನ ಮೇಲೆ ಹಾಗಲ್ಲ. ಚಪ್ಪಟೆ ಮುಖವನ್ನು ನಮ್ಮ ಕಡೆಗೆ, ಕಾಲುಗಳನ್ನು ಕೆಳಗೆ ಹಿಡಿದರೆ ಬಿಸಿ 547ರ ಕಾಲುಗಳು ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 2ಎನ್ 3904ರಲ್ಲಿ ಎಮಿಟರ್, ಬೇಸ್, ಕಲೆಕ್ಟರ್. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಗೇ ಚುಚ್ಚಿದರೆ ಟ್ರಾನ್ಸಿಸ್ಟರ್ ತಲೆಕೆಳಗಾಗಿ ಕುಳಿತಿರುತ್ತದೆ, ಆದರೂ ಚೂರುಪಾರು ಕೆಲಸ ಮಾಡುತ್ತದೆ. ಕಲೆಕ್ಟರಿನ ಡೋಪಿಂಗ್ ಕಡಿಮೆಯಾದ್ದರಿಂದ ಅದು ಒಳ್ಳೆಯ ಎಮಿಟರ್ ಆಗಲಾರದು. ನೂರಾರು ಇದ್ದ ಬೀಟಾ ಕೆಲವೇ ಅಂಕಿಗಳಿಗೆ ಇಳಿಯುತ್ತದೆ. ಅದಕ್ಕಿಂತ ಅಪಾಯದ್ದು, ಎಮಿಟರ್ ಜಂಕ್ಷನ್ ತಡೆಯಬಲ್ಲ ರಿವರ್ಸ್ ವೋಲ್ಟೇಜ್ ಎರಡರಲ್ಲೂ ಬರೀ 6 ವೋಲ್ಟ್. 12 ವೋಲ್ಟಿನ ಸರ್ಕ್ಯೂಟಿನಲ್ಲಿ ಅದು ಸೀಳಿ ಕರೆಂಟ್ ಹರಿಯತೊಡಗುತ್ತದೆ, ಹಾಗೆ ನರಳಿದ ಟ್ರಾನ್ಸಿಸ್ಟರನ್ನು ಸರಿಯಾಗಿ ತಿರುಗಿಸಿ ಹಾಕಿದರೂ ಬೀಟಾ ಮೊದಲಿನಂತೆ ಇರುವುದಿಲ್ಲ. ಅಂಥದ್ದನ್ನು ಎಸೆದುಬಿಡಿ. ಈ ಸ್ಥಿತಿಯನ್ನು ಬೇಕೆಂದೇ ಬಳಸಿದ ಜಾಗವೂ ಇದೆ. ಹಳೆಯ ಟಿಟಿಎಲ್ (7400ರಂಥ ಚಿಪ್ಪುಗಳ ಕುಟುಂಬ) ಗೇಟಿನ ಇನ್‌ಪುಟ್ ಟ್ರಾನ್ಸಿಸ್ಟರ್, ಇನ್‌ಪುಟ್ ಹೈ ಇದ್ದಾಗ ರಿವರ್ಸ್ ಆ್ಯಕ್ಟಿವ್ ಆಗಿರುತ್ತದೆ. ಇನ್‌ಪುಟ್ ಕರೆಂಟ್ 40 ಮೈಕ್ರೋಆಂಪ್ ಮೀರದಿರಲೆಂದು ಅದರ ರಿವರ್ಸ್ ಬೀಟಾವನ್ನು ಕಡಿಮೆ ಇಡುತ್ತಿದ್ದರು.

ಜ್ಯೂಯಲ್ ಎಬರ್ಸ್ ಮತ್ತು ಜಾನ್ ಮಾಲ್ 1954ರಲ್ಲಿ ಪ್ರಕಟಿಸಿದ ಮಾದರಿ ಈ ನಾಲ್ಕನ್ನೂ ಒಂದೇ ಜೋಡಿ ಸಮೀಕರಣದಲ್ಲಿ ಹಿಡಿಯಿತು. ಎರಡು ಡಯೋಡುಗಳು, ಒಂದರ ಕರೆಂಟಿನ ಒಂದು ಪಾಲು ಇನ್ನೊಂದರ ಕಡೆಗೆ ದಾಟುತ್ತದೆ. ಅಲ್ಲಿ ಗಡಿಗಳೇ ಇಲ್ಲ. ಎರಡು ವೋಲ್ಟೇಜ್ ಕೊಟ್ಟರೆ ಕರೆಂಟುಗಳು ಬರುತ್ತವೆ, ಅಷ್ಟೇ. ಇಂದು ನೀವು ಸ್ಪೈಸ್ ಎಂಬ ಸಾಫ್ಟ್‌ವೇರಿನಲ್ಲಿ ಸರ್ಕ್ಯೂಟಿನ ಸಿಮ್ಯುಲೇಶನ್ ಓಡಿಸಿದಾಗ ಒಳಗೆ ಕೆಲಸ ಮಾಡುವುದು ಇದೇ ಆಲೋಚನೆಯ ಬೆಳೆದ ರೂಪ.

ಹಾಗಾದರೆ ರಿಪೇರಿಗೆ ಬಂದ ಬೋರ್ಡಿನಲ್ಲಿ ಏನು ಮಾಡಬೇಕು? ಮಲ್ಟಿಮೀಟರಿನ ಕಪ್ಪು ಪ್ರೋಬನ್ನು ಎಮಿಟರಿಗೆ ಇಡಿ, ಕೆಂಪನ್ನು ಮೊದಲು ಬೇಸಿಗೆ, ಆಮೇಲೆ ಕಲೆಕ್ಟರಿಗೆ ಮುಟ್ಟಿಸಿ. 12 ವೋಲ್ಟ್ ಸಪ್ಲೈಯ, ಡಿವೈಡರ್ ಬಯಾಸಿನ ಒಂದು ಆ್ಯಂಪ್ಲಿಫಯರ್ ಹಂತ ಎಂದಿಟ್ಟುಕೊಳ್ಳಿ. ಬೇಸ್ 0.65, ಕಲೆಕ್ಟರ್ 5 ಬಂದರೆ ಆ್ಯಕ್ಟಿವ್, ದೋಷವನ್ನು ಬೇರೆ ಕಡೆ ಹುಡುಕಿ. ಬೇಸ್ 2.5 ಎಂದು ತೋರಿಸಿದರೆ ಎಮಿಟರ್ ಜಂಕ್ಷನ್ ಒಳಗೆ ತುಂಡಾಗಿದೆ, ಆರೋಗ್ಯವಂತ ಸಿಲಿಕಾನ್ ಜಂಕ್ಷನ್ ತನ್ನ ಮೇಲೆ ಅಷ್ಟು ಫಾರ್ವರ್ಡ್ ವೋಲ್ಟೇಜ್ ನಿಲ್ಲಲು ಬಿಡುವುದಿಲ್ಲ. ಬೇಸ್ ಸೊನ್ನೆ, ಕಲೆಕ್ಟರ್ ಪೂರ್ತಿ 12 ಬಂದರೆ ಕಟ್ ಆಫ್. ಡಿವೈಡರಿನ ಮೇಲಿನ ರೆಸಿಸ್ಟರ್ ತುಂಡಾಗಿರಬಹುದು, ಬೇಸಿನಿಂದ ಗ್ರೌಂಡಿಗೆ ಎಲ್ಲೋ ಶಾರ್ಟ್ ಇರಬಹುದು. ಬೇಸ್ 0.75, ಕಲೆಕ್ಟರ್ 0.15 ಬಂದರೆ ಸ್ಯಾಚುರೇಶನ್. ಆ್ಯಂಪ್ಲಿಫಯರ್ ಹಾಗಿರಬಾರದು, ಆದರೆ ಟ್ರಾನ್ಸಿಸ್ಟರ್ ಹೋಯಿತೆಂದು ಅವಸರದಲ್ಲಿ ಬಿಚ್ಚಬೇಡಿ. ಡಿವೈಡರಿನ ಕೆಳಗಿನ ರೆಸಿಸ್ಟರ್ ತುಂಡಾದರೆ ಬೇಸಿಗೆ ಬರುವ ಕರೆಂಟೆಲ್ಲ ಒಳಗೇ ಹೋಗಿ ಇದೇ ಅಂಕಿಗಳು ಬರುತ್ತವೆ. ಪವರ್ ಆಫ್ ಮಾಡಿ, ಆ ರೆಸಿಸ್ಟರಿನ ಒಂದು ಕಾಲನ್ನು ಬೋರ್ಡಿನಿಂದ ಎತ್ತಿ ಓಮ್ ರೇಂಜಿನಲ್ಲಿ ಅಳೆಯಿರಿ.